ಪುಟ್ಟ ಮಕ್ಕಳ ಆಟೋಟದ ದಿನ: ಮೊದಲು ಲೆಕ್ಕ, ಆಮೇಲೆ ಆಟ, ಕೊನೆಗೆ ಮೆಡಲ್

ಡಿಸೆಂಬರ್ ಬಂತೆಂದರೆ ಪರಿಚಯದ ಟೀಚರುಗಳಿಂದ ಒಂದೇ ಥರದ ದೂರು ಬರುತ್ತದೆ. "ಓಟ ಇಟ್ವಿ, ಅರ್ಧ ಮಕ್ಕಳು ಓಡಲೇ ಇಲ್ಲ." "ಎರಡು ಗಂಟೆ ಅಂದ್ಕೊಂಡಿದ್ದು ನಾಲ್ಕು ಗಂಟೆ ಆಯ್ತು." "ಮೆಡಲ್ ಸಿಗದವರ ಅಳು ನಿಲ್ಸೋಕೇ ಆಗ್ಲಿಲ್ಲ." ಇಷ್ಟು ಹೇಳಿ, "ಬೇರೆ ಯಾವ ಆಟ ಇಡಬಹುದಿತ್ತು?" ಎಂದು ಕೇಳುತ್ತಾರೆ. ಆಟ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಎಡವಟ್ಟು ಆಗುವುದು ಕೆಲಸದ ಕ್ರಮದಲ್ಲಿ.

ಸಾಮಾನ್ಯವಾಗಿ ಏನು ಮಾಡುತ್ತೇವೆ? ಮೊದಲು ಅತಿಥಿ ಯಾರೆಂದು ಗೊತ್ತು ಮಾಡುತ್ತೇವೆ. ಆಮೇಲೆ ಆಹ್ವಾನ ಪತ್ರಿಕೆ, ಶಾಮಿಯಾನ, ಮೈಕ್, ಮೆಡಲ್. ಎರಡು ದಿನ ಉಳಿದಾಗ ಆಟದ ಪಟ್ಟಿ. ಇದನ್ನು ಪೂರ್ತಿ ತಲೆಕೆಳಗು ಮಾಡಬೇಕು. ಮಕ್ಕಳ ಲೆಕ್ಕ, ದೊಡ್ಡವರ ಲೆಕ್ಕ, ಹೊತ್ತು, ಜಾಗ, ಆಟ, ಸಾಮಾನು. ಇವೆಲ್ಲ ಆದ ಮೇಲೆ ಮೆಡಲ್, ಮೈಕ್.

ಕೆಳಗಿನದು ನರ್ಸರಿ, ಎಲ್‌ಕೆಜಿ, ಯುಕೆಜಿ ಮತ್ತು ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳಿಗೆ. ಒಂದನೇ ಕ್ಲಾಸಿನ ಮೇಲಿನವರಿಗೆ ಲೆಕ್ಕವೇ ಬೇರೆ.

## ಹಂತ 1: ಮಗು ಎಷ್ಟು ಹೊತ್ತು ಕಾಯುತ್ತದೆ ಎಂದು ಲೆಕ್ಕ ಹಾಕಿ

ನಾನು ಮೊದಲ ಸಲ ಇದರ ಜವಾಬ್ದಾರಿ ಹೊತ್ತಾಗ 46 ಮಕ್ಕಳಿದ್ದರು. ಒಂದೇ ಟ್ರ್ಯಾಕ್, ಒಮ್ಮೆಗೆ 5 ಮಕ್ಕಳು. ಅಂದರೆ 10 ಸುತ್ತು. ಸಾಲಾಗಿ ನಿಲ್ಲಿಸಿ, ಓಡಿಸಿ, ದಾರಿ ತಪ್ಪಿದವರನ್ನು ಹಿಡಿದು ತರಲು ಒಂದು ಸುತ್ತಿಗೆ 3 ನಿಮಿಷ. ಕೊನೆಯ ಸುತ್ತಿನ ಮಗು 10 ಸೆಕೆಂಡ್ ಓಡಲು 27 ನಿಮಿಷ ಕಾಯಬೇಕಿತ್ತು. ಕಾಯಲಿಲ್ಲ. ನಾಲ್ಕನೇ ಸುತ್ತಿನ ಹೊತ್ತಿಗೆ ಮಣ್ಣು ಎರಚಾಟ ಶುರು. ಆರನೇ ಸುತ್ತಿಗೆ ಇಬ್ಬರು ಅತ್ತರು, ಅವರನ್ನು ನೋಡಿ ಇನ್ನು ನಾಲ್ವರು ಅತ್ತರು. ಏಳನೇ ಸುತ್ತಿಗೆ ಎಲ್ಲರಿಗೂ ಒಟ್ಟಿಗೆ ಸುಸು ಬಂತು.

ಆವತ್ತಿನಿಂದ ನನ್ನ ನಿಯಮ ಒಂದೇ: ಯಾವ ಮಗುವೂ 2 ನಿಮಿಷಕ್ಕಿಂತ ಜಾಸ್ತಿ ಸುಮ್ಮನೆ ನಿಲ್ಲಬಾರದು. ಯಾವ ಆಟ ಇಡಬೇಕು, ಎಷ್ಟು ಜನ ಬೇಕು, ಎಲ್ಲಕ್ಕೂ ಉತ್ತರ ಇದರಿಂದಲೇ ಸಿಗುತ್ತದೆ.

ಹಾಗಾಗಿ ಒಂದು ಟ್ರ್ಯಾಕ್ ಬದಲು ಮೈದಾನದಲ್ಲಿ ನಾಲ್ಕು ಆಟದ ಮೂಲೆ ಮಾಡಿ. 40 ಮಕ್ಕಳಿದ್ದರೆ ಹತ್ತತ್ತರ ನಾಲ್ಕು ಗುಂಪು. ಪ್ರತಿ ಮೂಲೆಯಲ್ಲಿ 8 ನಿಮಿಷ ಆಟ, ಮುಂದಿನ ಮೂಲೆಗೆ ಹೋಗಲು 2 ನಿಮಿಷ. 40 ನಿಮಿಷಕ್ಕೆ ಎಲ್ಲರೂ ಎಲ್ಲ ಆಟ ಆಡಿರುತ್ತಾರೆ.

ಇನ್ನು ದೊಡ್ಡವರ ಲೆಕ್ಕ. ಮೂಲೆಗೆ ಇಬ್ಬರಂತೆ 8 ಜನ. ಒಬ್ಬರು ಆಟ ಆಡಿಸಲು, ಇನ್ನೊಬ್ಬರು ಸಾಲು ನೋಡಲು. ಜೊತೆಗೆ ನೀರಿಗೆ ಒಬ್ಬರು, ಟಾಯ್ಲೆಟ್ಟಿಗೆ ಒಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು, ಗೇಟಿನಲ್ಲಿ ಒಬ್ಬರು. ಒಟ್ಟು 12. "ಅಷ್ಟು ಜನ ಎಲ್ಲಿಂದ ತರೋದು?" ಎಂದರೆ ಮೂಲೆ ಕಡಿಮೆ ಮಾಡಿ, ಇಲ್ಲವೇ ನರ್ಸರಿಗೆ ಒಂದು ದಿನ, ಯುಕೆಜಿಗೆ ಇನ್ನೊಂದು ದಿನ ಇಡಿ. ಇರುವ ಜನರನ್ನೇ ಎಳೆದಾಡಬೇಡಿ. ಕಾರ್ಯಕರ್ತೆ, ಸಹಾಯಕಿ ಇಬ್ಬರೇ ಇರುವ ಅಂಗನವಾಡಿಯಲ್ಲಿ 20 ಮಕ್ಕಳಿಗೆ ಎರಡು ಮೂಲೆ ಸಾಕು, ಮೂರ್ನಾಲ್ಕು ತಾಯಂದಿರನ್ನು ಮೊದಲೇ ಕೇಳಿಟ್ಟುಕೊಂಡರೆ ಆರಾಮಾಗಿ ನಡೆಯುತ್ತದೆ.

## ಹಂತ 2: ದಿನ ಮತ್ತು ಹೊತ್ತು

ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ, ಅವತ್ತೇ ಇಡೋಣ ಎಂಬ ಆಸೆ ಕೆಲವರಿಗೆ. ಕರಾವಳಿ, ಮಲೆನಾಡಿನಲ್ಲಿ ಆಗ ಮಳೆ, ಮೈದಾನವೆಲ್ಲ ಪಾಚಿ. ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಇಟ್ಟರೆ ಬೆಂಗಳೂರು, ಮೈಸೂರು ಕಡೆ ಹಿಂಗಾರು ಮಳೆ ಬಂದು ಅಡ್ಡಿಯಾಗುವುದುಂಟು. ಡಿಸೆಂಬರ್, ಜನವರಿ ಎಲ್ಲ ಕಡೆಗೂ ಒಳ್ಳೆಯದು. ಕಲಬುರಗಿ, ರಾಯಚೂರು ಕಡೆಯವರು ಫೆಬ್ರವರಿ ದಾಟಿಸಬೇಡಿ.

ಬೆಳಿಗ್ಗೆ 8:30ಕ್ಕೆ ಶುರು, 10ಕ್ಕೆ ಮುಕ್ತಾಯ. ಪೂರ್ತಿ ಒಂದೂವರೆ ಗಂಟೆ, ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಬೇಡ. ಅತಿಥಿಗಳು ತಡವಾಗಿ ಬರುತ್ತೇನೆಂದರೆ ಬಹುಮಾನಕ್ಕೆ ಬರಲಿ, ಆಟ ಅವರಿಗಾಗಿ ಕಾಯುವುದು ಬೇಡ. ಭಾಷಣ 3 ನಿಮಿಷ. ಆಗಲೂ ಮಕ್ಕಳು ನೆರಳಲ್ಲಿ ಕೂತಿರಬೇಕು. ಮಾರ್ಚ್ ಪಾಸ್ಟ್, ಜ್ಯೋತಿ ಹಚ್ಚುವುದು ಇವೆಲ್ಲ ದೊಡ್ಡ ಶಾಲೆಯವರಿಗಿರಲಿ. ಮೂರು ವರ್ಷದ ಮಗುವಿನ ಕೈಯಲ್ಲಿ ಉರಿಯುವ ಪಂಜು ಕೊಟ್ಟು ಫೋಟೊ ತೆಗೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

## ಹಂತ 3: ಮೈದಾನವನ್ನು ಮಗುವಿನ ಎತ್ತರದಿಂದ ನೋಡಿ

ಹಿಂದಿನ ದಿನ ಸಂಜೆ ಒಮ್ಮೆ, ಅವತ್ತು ಬೆಳಿಗ್ಗೆ 7 ಗಂಟೆಗೆ ಇನ್ನೊಮ್ಮೆ ಮೈದಾನ ಸುತ್ತಿ. ಸುಮ್ನೆ ನಡೆದರೆ ಸಾಲದು, ಅಲ್ಲಲ್ಲಿ ಕೂತು ನೋಡಬೇಕು. ಬೋಲ್ಟ್, ತಂತಿ, ಶಾಮಿಯಾನದ ಗೂಟ, ಅದರ ಹಗ್ಗ ಎಲ್ಲ ಮಗುವಿನ ಕಣ್ಣಿನ ಎತ್ತರದಲ್ಲಿರುತ್ತವೆ. ನಿಂತವರಿಗೆ ಕಾಣುವುದಿಲ್ಲ.

ಮುಖ್ಯವಾಗಿ ಹುಡುಕಬೇಕಾದ್ದು ನೆಗ್ಗಿಲು ಮುಳ್ಳು. ಬಯಲುಸೀಮೆಯ ಮೈದಾನಗಳಲ್ಲಿ ನೆಲಕ್ಕಂಟಿಕೊಂಡು ಹರಡಿರುತ್ತದೆ, ತೆಳ್ಳಗಿನ ಚಪ್ಪಲಿಗೂ ಚುಚ್ಚುತ್ತದೆ. ಒಂದು ಹಳೆಯ ಗೋಣಿಚೀಲವನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ. ಮುಳ್ಳು ಗೋಣಿಗೆ ಕಚ್ಚಿಕೊಂಡು ಬರುತ್ತದೆ. ಆಮೇಲೆ ಕೆಂಪಿರುವೆ ಗೂಡು, ಗಾಜಿನ ಚೂರು, ಗುಂಡಿ. ಮರದ ಮೇಲೂ ಕಣ್ಣು ಹಾಯಿಸಿ. ಹೆಜ್ಜೇನು ಗೂಡಿದ್ದರೆ ಜಾಗವನ್ನೇ ಬದಲಾಯಿಸಿ. "ಏನೂ ಆಗಲ್ಲ ಬಿಡಿ" ಎನ್ನುವವರ ಮಾತು ಕೇಳಬೇಡಿ.

ಗೆರೆ ಹಾಕಲು ಸುಣ್ಣದ ಪುಡಿ ಬೇಡ. ಮಕ್ಕಳು ಓಡುವಾಗ ಏಳುವ ಧೂಳು ಕಣ್ಣಿಗೆ ಬಿದ್ದರೆ ಸುಡುತ್ತದೆ. ಅಕಸ್ಮಾತ್ ಬಿದ್ದರೆ ಉಜ್ಜಲು ಬಿಡದೆ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ಕಣ್ಣು ತೊಳೆದು, ತಕ್ಷಣ ಡಾಕ್ಟರಿಗೆ ತೋರಿಸಬೇಕು. ಗೆರೆಗೆ ರಂಗೋಲಿ ಪುಡಿ ಸಾಕು. ಹಗ್ಗ ಹಾಸಿದರೆ ಎಡವುತ್ತಾರೆ.

ಓಟದ ದೂರ ನರ್ಸರಿಗೆ 10 ಮೀಟರ್, ಎಲ್‌ಕೆಜಿಗೆ 15, ಯುಕೆಜಿಗೆ 20. ಎಲ್ಲರೂ ಮರೆಯುವುದು ಮುಗಿಯುವ ಗೆರೆಯ ಆಚೆಗಿನ ಜಾಗವನ್ನು. ಈ ವಯಸ್ಸಿನವರಿಗೆ ಓಡುವುದು ಬರುತ್ತದೆ, ನಿಲ್ಲುವುದು ಬರುವುದಿಲ್ಲ. ಗೆರೆಯ ಆಚೆ ಕನಿಷ್ಠ 5 ಮೀಟರ್ ಖಾಲಿ ಬಿಡಿ. ಅಲ್ಲಿ ಕುರ್ಚಿ, ಮೇಜು, ಮೆಡಲ್ ಸ್ಟ್ಯಾಂಡ್, ಕ್ಯಾಮೆರಾ ಹಿಡಿದ ಅಪ್ಪಂದಿರು ಯಾರೂ ಇರಬಾರದು.

ಮೈದಾನ ಇಲ್ಲ, ಸಿಮೆಂಟ್ ಅಂಗಳ ಮಾತ್ರ ಇದೆ ಎನ್ನುವವರು ಓಟ, ಜಿಗಿತ ಬಿಟ್ಟುಬಿಡಿ. ಎಸೆಯುವ, ಹೆಕ್ಕುವ, ನಡೆಯುವ ಆಟ ಇಟ್ಟುಕೊಳ್ಳಿ. ಸಿಮೆಂಟಿನ ಮೇಲೆ ಜಮಖಾನ ಹಾಸಿ ಓಡಿಸುವುದಂತೂ ಬೇಡವೇ ಬೇಡ. ಜಮಖಾನ ಜಾರುತ್ತದೆ, ಮಗು ಹಿಂದಕ್ಕೆ ಬೀಳುತ್ತದೆ, ತಲೆಯ ಹಿಂಭಾಗಕ್ಕೇ ಪೆಟ್ಟು.

## ಹಂತ 4: ಆಟ ಆರಿಸುವುದು

ವಯಸ್ಸಿಗೆ ಏನು ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೂರು ವರ್ಷದ ಮಗು ಎರಡೂ ಕಾಲು ಕೂಡಿಸಿ ಜಿಗಿಯುತ್ತದೆ, ಆದರೆ ಕುಂಟುವುದು ಹೆಚ್ಚಿನವರಿಗೆ ನಾಲ್ಕು ದಾಟಿದ ಮೇಲೇ. ಚೆಂಡು ಎಸೆಯುತ್ತದೆ, ಹಿಡಿಯಲು ಕಷ್ಟ. ಒಮ್ಮೆಗೆ ಒಂದೆರಡು ಮಾತಷ್ಟೇ ತಲೆಗೆ ಹೋಗುತ್ತದೆ. "ಓಡಿಹೋಗಿ, ಚೆಂಡು ತಗೊಂಡು, ಸುತ್ತು ಹಾಕಿ, ವಾಪಸ್ ಬಂದು ಬುಟ್ಟಿಗೆ ಹಾಕು" ಎಂದರೆ ಮಗು ಚೆಂಡು ತೆಗೆದುಕೊಂಡು ಅಲ್ಲೇ ಆಡುತ್ತಾ ನಿಲ್ಲುತ್ತದೆ. ತಪ್ಪು ಅದರದ್ದಲ್ಲ. ಐದು ವರ್ಷಕ್ಕೆ ಸರದಿ, ಗೆಲುವು, ಸೋಲು ಅರ್ಥವಾಗುತ್ತದೆ, ಸೋಲು ಬಹಳ ಚೆನ್ನಾಗಿಯೇ ಅರ್ಥವಾಗುತ್ತದೆ!

ಇವನ್ನು ಪಟ್ಟಿಯಿಂದ ತೆಗೆದುಹಾಕಿ:

- ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಇಟ್ಟು ಓಡುವುದು. ಬಿದ್ದರೆ ಚಮಚ ಗಂಟಲಿಗೆ ನುಗ್ಗುತ್ತದೆ.
- ಬಲೂನ್ ಒಡೆಯುವುದು. ಒಡೆದ ಚೂರು ಬಾಯಿಗೆ ಹೋದರೆ ಉಸಿರು ಕಟ್ಟುತ್ತದೆ. ಸದ್ದಿಗೆ ಹೆದರುವವರು ಬೇರೆ.
- ಬಿಸ್ಕತ್ತು ತಿಂದು ಓಡುವುದು. ಬಾಯಲ್ಲಿ ತಿಂಡಿ ಇದ್ದಾಗ ಓಟವೂ ಬೇಡ, ನಗಿಸುವುದೂ ಬೇಡ.
- ಹಗ್ಗ ಜಗ್ಗಾಟ, ಗೋಣಿಚೀಲದ ಓಟ, ಮೂರು ಕಾಲಿನ ಓಟ.
- ಮ್ಯೂಸಿಕಲ್ ಚೇರ್. ಔಟ್ ಆದ ಮಗು ಉಳಿದ ಹೊತ್ತೆಲ್ಲ ನೋಡುತ್ತಾ ಕೂರಬೇಕು. ಹಂತ 1ರ ಲೆಕ್ಕಕ್ಕೆ ಇದು ಹೊಂದುವುದಿಲ್ಲ.

ಹಾಗಾದರೆ ಏನಿಡಬೇಕು? ನನ್ನ ಕೈಯಲ್ಲಿ ಪ್ರತಿ ಸಲ ಗೆದ್ದ ಆಟಗಳು ಇವು. ಇವುಗಳಲ್ಲಿ ನಾಲ್ಕನ್ನು ಆರಿಸಿಕೊಳ್ಳಿ.

ಸಂತೆ ಆಟ. ನೆಲದ ಮೇಲೆ ಒಂದು ಹಳೆ ಸೀರೆ ಹಾಸಿ ಆಲೂಗಡ್ಡೆ, ಸೌತೆಕಾಯಿ, ಕ್ಯಾರೆಟ್, ಬದನೆಕಾಯಿ ಸುರಿಯಿರಿ. ಪ್ರತಿ ಮಗುವಿಗೆ ಒಂದು ಸಣ್ಣ ಬಟ್ಟೆ ಚೀಲ. "ಆಲೂಗಡ್ಡೆ ತಗೊಂಡ್ ಬನ್ನಿ" ಎಂದ ಕೂಡಲೇ 5 ಮೀಟರ್ ಓಡಿಹೋಗಿ ಒಂದು ತಂದು ಟೀಚರ್ ಬುಟ್ಟಿಗೆ ಹಾಕುವುದು. ಐದೈದು ಮಕ್ಕಳು ಒಟ್ಟಿಗೆ. ಯಾರು ಮೊದಲು ಎಂಬುದು ಮಕ್ಕಳಿಗೆ ನೆನಪೇ ಆಗುವುದಿಲ್ಲ, ತರಕಾರಿಯ ಮೇಲೇ ಗಮನ. ಹಸಿಮೆಣಸಿನಕಾಯಿ ಮಾತ್ರ ಇಡಬೇಡಿ. ಮುಟ್ಟಿದ ಕೈ ನೇರ ಕಣ್ಣಿಗೆ ಹೋಗುತ್ತದೆ. ಬಟಾಣಿ, ಅವರೆಕಾಳಿನಂಥ ಚಿಕ್ಕವೂ ಬೇಡ, ಮೂಗಿಗೆ ಸೇರುತ್ತವೆ.

ಡಬ್ಬದ ಲಗೋರಿ. ಕಲ್ಲಿನ ಬದಲು ಖಾಲಿ ರಟ್ಟಿನ ಡಬ್ಬ ಆರು. ಮೂರು, ಎರಡು, ಒಂದರಂತೆ ಜೋಡಿಸಿ. ಒಂದೂವರೆ ಮೀಟರ್ ದೂರದಿಂದ ಬಟ್ಟೆ ಚೆಂಡು ಎಸೆಯಲಿ. ಬಿದ್ದ ಡಬ್ಬವನ್ನು ಎಸೆದ ಮಗುವೇ ಮತ್ತೆ ಜೋಡಿಸಲಿ. ಬೀಳಿಸುವುದಕ್ಕಿಂತ ಜೋಡಿಸುವುದೇ ಕೆಲವರಿಗೆ ಜಾಸ್ತಿ ಇಷ್ಟ. ಮೂಲೆಗೆ ಎರಡು ಜೋಡಿ ಡಬ್ಬ ಇರಲಿ, ಇಲ್ಲದಿದ್ದರೆ ಸಾಲು ಉದ್ದವಾಗುತ್ತದೆ.

ಕೆರೆ-ದಡ. ರಂಗೋಲಿಯಲ್ಲಿ ದೊಡ್ಡ ವೃತ್ತ. ಒಳಗೆ ಕೆರೆ, ಹೊರಗೆ ದಡ. "ಕೆರೆ" ಎಂದರೆ ಒಳಗೆ ಜಿಗಿತ, "ದಡ" ಎಂದರೆ ಹೊರಗೆ. ನಾವು ಆಡುವಾಗ ತಪ್ಪಿದವರು ಔಟ್ ಆಗುತ್ತಿದ್ದೆವು, ಅಲ್ವಾ? ಇಲ್ಲಿ ಔಟ್ ಇಲ್ಲ. ತಪ್ಪಿದವರು "ಬುಳುಕ್" ಎಂದು ಕೂಗಿ ಮುಂದುವರಿಯುವುದು. ನಮ್ಮ ಮಕ್ಕಳು ಬುಳುಕ್ ಎನ್ನುವ ಆಸೆಗೆ ಬೇಕಂತಲೇ ತಪ್ಪು ಜಿಗಿಯುತ್ತಿದ್ದರು.

ಪ್ರಾಣಿ ನಡಿಗೆ. ಆನೆಯಂತೆ ಹೋಗಿ, ಕಪ್ಪೆಯಂತೆ ವಾಪಸ್. 5 ಮೀಟರ್ ಸಾಕು. ಕಪ್ಪೆ ಜಿಗಿತ ಬಿಡುವಿಲ್ಲದೆ ನಾಲ್ಕೈದಕ್ಕಿಂತ ಜಾಸ್ತಿ ಮಾಡಿಸಿದರೆ ಮಂಡಿಯೂರಿ ಬೀಳುತ್ತಾರೆ.

ಸೌಟಿನಲ್ಲಿ ಆಲೂಗಡ್ಡೆ. ನಿಂಬೆ-ಚಮಚದ ಬದಲು ಇದು. ಮರದ ಸೌಟು ಕೈಯಲ್ಲಿ, ಅದರಲ್ಲಿ ಪುಟ್ಟ ಆಲೂಗಡ್ಡೆ. ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೂ ತಕರಾರು ಮಾಡಬೇಡಿ. ಓಟ ಅಲ್ಲ, ನಡಿಗೆ. ನಾಲ್ಕು ವರ್ಷದ ಮೇಲಿನವರಿಗೆ.

ಸೀರೆ ಅಲೆ. ಹಳೆಯ ದೊಡ್ಡ ಬೆಡ್‌ಶೀಟ್ ಅಥವಾ ಎರಡು ಮಡಿಕೆ ಮಾಡಿದ ಹತ್ತಿ ಸೀರೆ. ಸುತ್ತ ಎಲ್ಲರೂ ಅಂಚು ಹಿಡಿದು ಮೇಲೆ ಕೆಳಗೆ ಆಡಿಸುವುದು, ನಡುವೆ ಹತ್ತಾರು ಬಟ್ಟೆ ಚೆಂಡು. ಚೆಂಡು ಹಾರಿದಾಗ ಏಳುವ ಕೂಗೇ ಕೂಗು. ಓಡಲು ಒಪ್ಪದ, ಗುಂಪಿಗೆ ಹೆದರುವ, ನಡೆಯಲು ಕಷ್ಟವಿರುವ ಮಕ್ಕಳೂ ಕೂತುಕೊಂಡೇ ಸೇರಬಹುದು. ಒಂದೇ ಒಂದು ಆಟ ಇಡಲು ಸಾಧ್ಯ ಎಂದರೆ ನಾನು ಇದನ್ನೇ ಇಡುತ್ತೇನೆ.

ಓಟ ಬೇಕೇ ಬೇಕು ಎಂದು ಆಡಳಿತ ಮಂಡಳಿ ಹಟ ಹಿಡಿದರೆ ಅದಕ್ಕೂ ಒಂದು ದಾರಿಯಿದೆ. ಒಂದು ವರ್ಷ ಎಲ್‌ಕೆಜಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ನಡುವೆ ಪಕ್ಕದ ಕುರ್ಚಿಯಲ್ಲಿ ಅಜ್ಜಿ ಕಂಡರು. ತಿರುಗಿ ನೇರ ಅಜ್ಜಿಯ ಮಡಿಲಿಗೆ ಹೋಗಿ ಕೂತು, ಸೆರಗಲ್ಲಿ ಮೂಗು ಒರೆಸಿಕೊಂಡಳು. "ಹೋಗೇ, ಓಡೇ" ಎಂದು ಅಜ್ಜಿ ನೂಕಿದಷ್ಟೂ ಗಟ್ಟಿಯಾಗಿ ಅಪ್ಪಿಕೊಂಡಳು. ಎಲ್ಲರೂ ನಕ್ಕೆವು. ಆದರೆ ಅವಳು ಮಾಡಿದ್ದು ಸರಿ. ಗೆರೆ ಎಂದರೆ ಈ ಮಕ್ಕಳಿಗೆ ಏನೂ ಅಲ್ಲ, ಗುರುತಿನ ಮುಖ ಎಂದರೆ ಎಲ್ಲ. ಮುಂದಿನ ವರ್ಷದಿಂದ ಮಗುವಿಗೆ ಇಷ್ಟದವರನ್ನೇ ಗೆರೆಯ ಆಚೆಗಿನ ಖಾಲಿ ಜಾಗ ಮುಗಿಯುವಲ್ಲಿ ಕೈಚಾಚಿ ಕೂರಿಸಿದೆವು. ಐದು ಮಕ್ಕಳಿಗೆ ಐದು ಜನ. ದಾರಿ ತಪ್ಪುವುದೇ ನಿಂತುಹೋಯಿತು. ಯಾರೂ ಬಾರದ ಮಗುವಿಗೆ ಅದರ ಟೀಚರ್ ಅಥವಾ ಆಯಮ್ಮ ಕೂರಬೇಕು. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆ ಕ್ಷಣದಲ್ಲಿ ಹುಡುಕಬೇಡಿ.

## ಹಂತ 5: ಸಾಮಾನು

40 ಮಕ್ಕಳಿಗೆ ಇಷ್ಟು ಸಾಕು: ರಂಗೋಲಿ ಪುಡಿ 3 ಕೆಜಿ, ರಟ್ಟಿನ ಡಬ್ಬ 12, ಬಟ್ಟೆ ಚೆಂಡು 20, ಬಟ್ಟೆ ಚೀಲ 10, ಬುಟ್ಟಿ 4, ಹಳೆ ಸೀರೆ 3, ಮರದ ಸೌಟು 6, ತರಕಾರಿ 4 ಕೆಜಿ (ಆಮೇಲೆ ತೊಳೆದು ಸಾಂಬಾರಿಗೆ), ಒಂದು ಕೈಗಂಟೆ, ನಾಲ್ಕು ಬಣ್ಣದ ರಿಬ್ಬನ್.

ಬಟ್ಟೆ ಚೆಂಡನ್ನು ಕೊಳ್ಳಬೇಡಿ. ಹಳೆ ಸಾಕ್ಸ್ ಒಳಗೆ ಬಟ್ಟೆ ಚೂರು ತುರುಕಿ ಬಾಯಿ ಹೊಲಿದರೆ ಆಯಿತು. ಪಾಪ ಯಾರ ಮೂಗಿಗೆ ಬಡಿದರೂ ನೋವಾಗುವುದಿಲ್ಲ.

ರಿಬ್ಬನ್ ಗುಂಪಿನ ಗುರುತಿಗೆ. ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿ. ಕೊರಳಿಗೆ ಬೇಡ, ಪಿನ್ ಹಾಕುವುದಂತೂ ಬೇಡ. ಅಂಗಿಯ ಒಳಭಾಗದಲ್ಲಿ ಹೆಸರು, ಮನೆಯವರ ಫೋನ್ ನಂಬರ್ ಬರೆದ ಬಟ್ಟೆ ಟೇಪ್ ಅಂಟಿಸಿ. ಹೊರಗೆ ಕಾಣುವಂತೆ ಹಾಕಿದರೆ ಗೊತ್ತಿಲ್ಲದವರೂ ಮಗುವನ್ನು ಹೆಸರು ಹಿಡಿದು ಕರೆಯಬಹುದು.

ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹತ್ತಿ, ಗಾಜ್ ಬಟ್ಟೆ, ಬ್ಯಾಂಡ್‌ಏಡ್, ಚಿಮುಟ, ಕತ್ತರಿ, ಓಆರ್‌ಎಸ್ ಪೊಟ್ಟಣ, ಬಟ್ಟೆ ಸುತ್ತಿದ ಐಸ್. ಉಬ್ಬಸ ಇರುವ ಮಗುವಿನ ಇನ್ಹೇಲರ್ ಹೆಸರು ಬರೆದು ಅದರಲ್ಲೇ ಇರಬೇಕು, ಮಗುವಿನ ಬ್ಯಾಗಿನಲ್ಲಲ್ಲ. ಜೊತೆಗೆ ಬದಲಿ ಚಡ್ಡಿ ಒಂದು ಹತ್ತು. ಅದು ಖಂಡಿತ ಬೇಕಾಗುತ್ತದೆ.

## ಹಂತ 6: ಒಂದು ವಾರ ಮೊದಲು ಆಡಿಸಿ ನೋಡಿ

ತಿಂಗಳುಗಟ್ಟಲೆ ಬಿಸಿಲಲ್ಲಿ ಪ್ರ್ಯಾಕ್ಟೀಸ್ ಮಾಡಿಸುವವರಿದ್ದಾರೆ. ಆ ದಿನ ಬರುವಷ್ಟರಲ್ಲಿ ಮಕ್ಕಳಿಗೆ ಸಾಕಾಗಿರುತ್ತದೆ. ಒಂದೂ ಪ್ರ್ಯಾಕ್ಟೀಸ್ ಮಾಡಿಸದವರೂ ಇದ್ದಾರೆ. ಆಗ ಎಲ್ಲವೂ ಹೊಸದಾಗಿ ಕಂಡು ಮಕ್ಕಳು ಹೆದರುತ್ತಾರೆ. ಒಂದು ವಾರದಲ್ಲಿ ಪ್ರತಿ ಆಟವನ್ನು ಮೂರು ಸಲ, ಸಲಕ್ಕೆ 10 ನಿಮಿಷ. "ಇದು ಸ್ಪೋರ್ಟ್ಸ್ ಡೇಗೆ" ಎಂದು ಹೇಳುವುದೇ ಬೇಡ, ಸುಮ್ನೆ ಆಟ.

ಎರಡು ವಿಷಯ ಗಮನಿಸಿ. ಒಂದು, ಯಾವ ಆಟದಲ್ಲಿ ನೀವು ಮೂರು ಸಲಕ್ಕಿಂತ ಜಾಸ್ತಿ ವಿವರಿಸಬೇಕಾಯಿತೋ ಅದನ್ನು ಬಿಟ್ಟುಬಿಡಿ. ಎರಡು, ಗಂಟೆಯ ಅಭ್ಯಾಸ ಮಾಡಿಸಿ. ಗಂಟೆ ಬಾರಿಸಿದ ಕೂಡಲೇ ಆಟ ನಿಲ್ಲಿಸಿ ಚುಕುಬುಕು ರೈಲಿನಂತೆ ಒಬ್ಬರ ಹಿಂದೆ ಒಬ್ಬರು ಹಿಡಿದು ನಿಲ್ಲುವುದು. ಮೂಲೆಯಿಂದ ಮೂಲೆಗೆ 2 ನಿಮಿಷದಲ್ಲಿ ಹೋಗಲು ಈ ರೈಲೇ ಆಧಾರ. ಸೀಟಿ ಬೇಡ. ಸೀಟಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇಬ್ಬರು ಮೂವರು ಇರುತ್ತಾರೆ.

## ಹಂತ 7: ಮನೆಯವರಿಗೆ ಮೊದಲೇ ಹೇಳಬೇಕಾದ್ದು

ವಾಟ್ಸಾಪಿನಲ್ಲಿ ಉದ್ದದ ಸುತ್ತೋಲೆ ಯಾರೂ ಓದುವುದಿಲ್ಲ. ಐದು ಸಾಲು ಸಾಕು: ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಕಳಿಸಬೇಡಿ, ಒಂದು ಇಡ್ಲಿಯೋ ಬಾಳೆಹಣ್ಣೋ ಆಟಕ್ಕೆ ಒಂದು ಗಂಟೆ ಮೊದಲು. ಹತ್ತಿ ಬಟ್ಟೆ, ಕಾಲಿಗೆ ಸರಿಹೊಂದುವ ಶೂ, ಕ್ರಾಕ್ಸ್ ಬೇಡ. ಬಳೆ, ಸರ, ಗೆಜ್ಜೆ ಬಿಚ್ಚಿ. ಜ್ವರ, ಕೆಮ್ಮು ಇದ್ದರೆ ಕಳಿಸಬೇಡಿ, ಮೆಡಲ್ ಮನೆಗೇ ಬರುತ್ತದೆ. ಫೋಟೊ ತೆಗೆಯಲು ಹಗ್ಗದ ಆಚೆ ಜಾಗ ಇದೆ, ಒಳಗೆ ಬರಬೇಡಿ.

ಕೊನೆಯದು ಎಷ್ಟು ಹೇಳಿದರೂ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಒಂದು ಉಪಾಯ ಕೆಲಸ ಮಾಡುತ್ತದೆ. ಮೂಲೆಗೊಬ್ಬ ತಂದೆ ಅಥವಾ ತಾಯಿಯನ್ನು ಫೋಟೊ ತೆಗೆಯುವವರೆಂದು ನೇಮಿಸಿ, ಎಲ್ಲ ಫೋಟೊ ಸಂಜೆಗೆ ಕ್ಲಾಸಿನ ಮನೆಯವರ ಗ್ರೂಪಿಗೆ ಬರುತ್ತದೆ ಎಂದು ಹೇಳಿ. ನುಗ್ಗಾಟ ಅರ್ಧಕ್ಕರ್ಧ ಕಡಿಮೆ.

## ಹಂತ 8: ಅವತ್ತಿನ ಬೆಳಿಗ್ಗೆ

7:00 ಮೈದಾನ ಪರೀಕ್ಷೆ, ಗೆರೆ, ಮೂಲೆಗಳಿಗೆ ಸಾಮಾನು. ಪ್ರತಿ ಮೂಲೆಯಲ್ಲೂ ನೆರಳು ಇದೆಯೇ ನೋಡಿ. ಮರವಿಲ್ಲದಿದ್ದರೆ ಕಾಯುವ ಜಾಗಕ್ಕಾದರೂ ಶಾಮಿಯಾನ.

8:00 ಮಕ್ಕಳು ನೇರ ತಮ್ಮ ಕ್ಲಾಸಿಗೆ. ತಲೆ ಎಣಿಸಿ ಬರೆದುಕೊಳ್ಳಿ. ರಿಬ್ಬನ್ ಕಟ್ಟಿ.

8:15 ಎಲ್ಲರಿಗೂ ಟಾಯ್ಲೆಟ್. "ಬಂದಿಲ್ಲ ಮಿಸ್" ಎನ್ನುವವರಿಗೂ.

8:30 ಎಲ್ಲರೂ ಒಟ್ಟಿಗೆ 5 ನಿಮಿಷ ಕುಣಿತ. ಹಾಡಿನ ಸದ್ದು ಮಾತಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಸ್ಪೀಕರ್ ಮಕ್ಕಳ ಕಡೆ ತಿರುಗಿರಬಾರದು.

8:40 ಮೊದಲ ಎರಡು ಮೂಲೆ.

9:00 ನೀರು, ಟಾಯ್ಲೆಟ್. ಬಾಯಾರಿಕೆ ಆಯಿತೇ ಎಂದು ಕೇಳಬೇಡಿ, ಲೋಟ ಕೈಗೆ ಕೊಡಿ.

9:10 ಉಳಿದ ಎರಡು ಮೂಲೆ.

9:30 ಸೀರೆ ಅಲೆ, ಮನೆಯವರೂ ಸೇರಲಿ. ಅಪ್ಪ-ಅಮ್ಮಂದಿರ ಓಟ ಇಡುವುದಾದರೆ ಮಕ್ಕಳ ಜೊತೆ ಆಡುವಂಥದ್ದೇ ಇಡಿ. ದೊಡ್ಡವರು ಗೆಲ್ಲಲು ಓಡುವಾಗ ಅಡ್ಡ ಬಂದ ಮಗುವನ್ನು ನೋಡುವುದಿಲ್ಲ.

9:45 ನೆರಳಲ್ಲಿ ಕೂರಿಸಿ ತಿಂಡಿ, ಬಹುಮಾನ. ಬಾಳೆಹಣ್ಣು, ಬೀಜ ತೆಗೆದ ಕಿತ್ತಳೆ ತೊಳೆ, ಮಜ್ಜಿಗೆ ಅಥವಾ ಪಾನಕ. ಕಡಲೆಬೀಜದ ಚಿಕ್ಕಿ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮೆಂಟು ಬೇಡ, ಮೂರು ನಾಲ್ಕು ವರ್ಷದವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಯಾವುದೋ ಮೂಲೆ ತಡವಾಯಿತು ಎಂದುಕೊಳ್ಳಿ. ಆಟವನ್ನು ಕತ್ತರಿಸಿ, ನೀರಿನ ಹೊತ್ತನ್ನು ಮಾತ್ರ ಮುಟ್ಟಬೇಡಿ.

## ಹಂತ 9: ಈ ಲಕ್ಷಣ ಕಂಡರೆ ನಿಲ್ಲಿಸಿ

ಮೊದಲು ಗುಂಪಿನ ಲಕ್ಷಣ. ಮಕ್ಕಳು ಮಣ್ಣಿನಲ್ಲಿ ಕೂರುವುದು, ಪಕ್ಕದವರನ್ನು ತಳ್ಳುವುದು, "ಮನೆಗೆ ಹೋಗೋಣ" ಎನ್ನುವುದು ಶುರುವಾದರೆ ಆ ಮೂಲೆಯಲ್ಲಿ ಕಾಯುವ ಹೊತ್ತು ಜಾಸ್ತಿಯಾಗಿದೆ ಎಂದರ್ಥ. ಗದರಬೇಡಿ, ಸಾಲು ಒಡೆದು ಎಲ್ಲರನ್ನೂ ಒಟ್ಟಿಗೆ ಆಟಕ್ಕಿಳಿಸಿ.

ಓಡಲು ಒಪ್ಪದ ಮಗುವನ್ನು ಒಂದು ಕೈ ಹಿಡಿದು ಎಳೆಯುವುದು ಎಲ್ಲ ಕಡೆ ಕಾಣುವ ದೃಶ್ಯ. ಐದು ವರ್ಷದೊಳಗಿನವರ ಮಣಿಕಟ್ಟು ಹಿಡಿದು ಜಗ್ಗಿದರೆ ಮೊಣಕೈ ಕೀಲು ಸರಿಯಬಹುದು. ಊತ ಕಾಣುವುದಿಲ್ಲ, ಮಗು ಆ ಕೈಯನ್ನು ಬಳಸದೆ ಜೋತು ಬಿಟ್ಟಿರುತ್ತದೆ. ಹಾಗೆ ಕಂಡರೆ ನೀವೇ ತಿರುಗಿಸಿ ಕೂರಿಸಲು ಹೋಗದೆ ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಒಪ್ಪದ ಮಗುವಿಗೆ ಗಂಟೆ ಬಾರಿಸುವ, ಡಬ್ಬ ಜೋಡಿಸುವ ಕೆಲಸ ಕೊಡಿ. ಹತ್ತು ನಿಮಿಷದಲ್ಲಿ ಹೆಚ್ಚಿನವರು ತಾವಾಗಿ ಬರುತ್ತಾರೆ. ಬರದಿದ್ದರೂ ನಷ್ಟವಿಲ್ಲ.

ಬಿಸಿಲಿನ ಪೆಟ್ಟು: ಮುಖ ಕೆಂಪಾಗಿ ಮೈ ಬಿಸಿ, ತಲೆನೋವು, ವಾಕರಿಕೆ, ಸುಮ್ಮನೆ ಮಂಕಾಗಿ ಕೂರುವುದು. ತಕ್ಷಣ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು. ಮಾತು ತೊದಲಿದರೆ, ಕರೆದರೆ ಓಗೊಡದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್.

ತಲೆಗೆ ಪೆಟ್ಟಾದ ಮಗು ಕೂಡಲೇ ಅತ್ತು, ಸ್ವಲ್ಪ ಹೊತ್ತಿಗೆ ಆಟಕ್ಕೆ ಮರಳಿದರೂ ಅದರ ಮೇಲೆ ಕಣ್ಣಿರಲಿ, ಮನೆಯವರಿಗೆ ಹೇಳದೆ ಕಳಿಸಬೇಡಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಅಸಹಜ ನಿದ್ದೆಗೆ ಜಾರಿದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ತಿಳಿ ನೀರು ಸೋರಿದರೆ ಆಸ್ಪತ್ರೆಗೇ.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ನಮ್ಮಲ್ಲಿ ರೂಢಿ. ಅದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ.

## ಹಂತ 10: ಬಹುಮಾನ

ಎಲ್ಲರಿಗೂ ಒಂದೇ ಥರದ್ದು. ಚಿನ್ನ, ಬೆಳ್ಳಿ, ಕಂಚು ಎಂದು ಮೂರು ಬಣ್ಣ ಇಟ್ಟರೆ ಹಳದಿ ಯಾಕೆ ನನಗಿಲ್ಲ ಎಂಬ ಗಲಾಟೆ ಖಚಿತ. ಯುಕೆಜಿಯವರಿಗೆ ಸ್ಪರ್ಧೆ ಬೇಕು ಎನ್ನುವ ತಂದೆತಾಯಿ ಇರುತ್ತಾರೆ. ಗುಂಪಿನ ಲೆಕ್ಕದಲ್ಲಿ ಮಾಡಿ: ಕೆಂಪು ಗುಂಪು ಎಷ್ಟು ಡಬ್ಬ ಬೀಳಿಸಿತು, ನೀಲಿ ಗುಂಪು ಎಷ್ಟು. ಒಂಟಿ ಮಗುವಿನ ಸೋಲು ಹತ್ತು ಮಕ್ಕಳಲ್ಲಿ ಹಂಚಿಹೋಗುತ್ತದೆ.

ಕೊರಳಿನ ಮೆಡಲ್ ಕೊಟ್ಟರೆ ಫೋಟೊ ಆದ ಕೂಡಲೇ ತೆಗೆಸಿ ಚೀಲಕ್ಕೆ ಹಾಕಿಸಿ. ಆ ರಿಬ್ಬನ್ ಹಾಕಿಕೊಂಡೇ ಜಾರುಬಂಡಿ ಹತ್ತಿದರೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಕೈಮೇಲೆ ಒತ್ತುವ ನಕ್ಷತ್ರದ ಸ್ಟ್ಯಾಂಪು ಇದಕ್ಕಿಂತ ಅಗ್ಗ. ಮಕ್ಕಳು ಅದನ್ನು ಎರಡು ದಿನ ತೊಳೆಯಲು ಬಿಡುವುದಿಲ್ಲ.

## ಹಂತ 11: ಮುಗಿದ ಮೇಲೆ

ಗಲಿಬಿಲಿ ಜಾಸ್ತಿ ಆಗುವುದು ಈ ಹತ್ತು ನಿಮಿಷದಲ್ಲೇ. ಮಕ್ಕಳನ್ನು ಮೈದಾನದಿಂದ ನೇರ ಮನೆಯವರ ಕೈಗೆ ಕೊಡಬೇಡಿ. ರೈಲು ಮಾಡಿ ಕ್ಲಾಸಿಗೆ ಕರೆದೊಯ್ದು, ಬೆಳಿಗ್ಗೆ ಬರೆದ ಲೆಕ್ಕಕ್ಕೆ ತಲೆ ಎಣಿಸಿ, ಬಾಗಿಲಲ್ಲಿ ಒಬ್ಬೊಬ್ಬರನ್ನೇ ಸಹಿ ಹಾಕಿಸಿ ಕಳಿಸಿ. "ಪಕ್ಕದ ಮನೆಯವರು, ನಾವೇ ಕರ್ಕೊಂಡ್ ಹೋಗ್ತೀವಿ" ಎಂದರೆ ಮನೆಗೆ ಫೋನ್ ಮಾಡಿ ಕೇಳಿದ ಮೇಲೇ.

ಮಧ್ಯಾಹ್ನ ಟೀಚರುಗಳು, ಆಯಮ್ಮಂದಿರು ಕೂತು ಕಾಫಿ ಕುಡಿಯುವಾಗಲೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾವ ಮೂಲೆಯಲ್ಲಿ ಸಾಲು ಉದ್ದವಾಯಿತು, ಯಾವ ಮಗು ಯಾವುದಕ್ಕೆ ಹೆದರಿತು, ಎಷ್ಟು ಚಡ್ಡಿ ಖರ್ಚಾಯಿತು. ನಮ್ಮ ಪುಸ್ತಕದಲ್ಲಿ ಒಂದು ವರ್ಷದ ಪುಟದಲ್ಲಿ ಆಯಮ್ಮ ಹೇಳಿ ಬರೆಸಿದ ಸಾಲು ಇದೆ: "ಬದನೆಕಾಯಿ ತೊಟ್ಟಿನಲ್ಲಿ ಮುಳ್ಳಿತ್ತು, ಮುಂದಿನ ಸಲ ತೊಟ್ಟು ಕತ್ತರಿಸಿ." ಬಟ್ಟೆ ಚೆಂಡು ತುಂಬಿಡುವ ಚೀಲದಲ್ಲೇ ಆ ಪುಸ್ತಕವನ್ನೂ ಹಾಕಿಡಿ, ಮುಂದಿನ ಡಿಸೆಂಬರಿಗೆ ಹುಡುಕುವ ಕೆಲಸ ತಪ್ಪುತ್ತದೆ.